ಅಪ್‌ಡೇಟ್ ಮಾಡಿದೆ ಅಣ್ಣಾ, ಏನೂ ಆಗಲಿಲ್ಲ

ತಿಪಟೂರಿನಲ್ಲಿ ನಮ್ಮ ಚಿಕ್ಕಪ್ಪನದೊಂದು ಜೆರಾಕ್ಸ್ ಅಂಗಡಿ ಇದೆ. ಪೇಪರ್ ಬಂಡಲ್ ಇಡುವ ಅಟ್ಟದ ಮೇಲೆ ನನ್ನ ಹಳೇ ಲ್ಯಾಪ್‌ಟಾಪ್ ಒಂದು ಮುಚ್ಚಿಕೊಂಡೇ ಓಡುತ್ತಿರುತ್ತದೆ. ಸ್ಕ್ರೀನ್ ಒಡೆದಿದೆ, ಬ್ಯಾಟರಿ ಸತ್ತಿದೆ, ಆದರೂ ಗಟ್ಟಿ ಪ್ರಾಣಿ. 2019ರಲ್ಲಿ ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ 10ನೇ ಆವೃತ್ತಿ ಬಂದ ಹೊಸತರಲ್ಲಿ ಅದನ್ನೇ ಹಾಕಿ, ಪ್ರಿಂಟರ್ ಹಂಚಲು ಕಪ್ಸ್, ಫೈಲ್ ಹಂಚಲು ಸಾಂಬಾ ಇಟ್ಟುಕೊಟ್ಟಿದ್ದೆ. 2021ರ ಮಾರ್ಚ್‌ನಲ್ಲಿ ಹಬ್ಬಕ್ಕೆ ಹೋದಾಗ ಒಂದು ಸಲ ಅಪ್‌ಗ್ರೇಡ್ ಮಾಡಿದ್ದು ಬಿಟ್ಟರೆ ಆಮೇಲೆ ಯಾರೂ ಅದರ ಕಡೆ ತಿರುಗಿ ನೋಡಿಲ್ಲ. ಪ್ರಿಂಟ್ ಬರುತ್ತಿತ್ತು, ಅಷ್ಟು ಸಾಕಿತ್ತು.

ಈಗ ಹಳೇ ಪ್ರಿಂಟರ್ ಕೆಟ್ಟು ಹೊಸದು ತಂದಿದ್ದಾರೆ. ಹೊಸದರಲ್ಲಿ ಪ್ರಿಂಟ್ ಬರುತ್ತಿಲ್ಲ. ಅಂಗಡಿಯ ಕಂಪ್ಯೂಟರ್ ವ್ಯವಹಾರ ಈಗ ಚಿಕ್ಕಪ್ಪನ ಮಗಳದ್ದು, ಡಿಗ್ರಿ ಓದುತ್ತಿದ್ದಾಳೆ. ನಾನು ಎಂದೋ ಬರೆದುಕೊಟ್ಟ ಚೀಟಿ ನೋಡಿಕೊಂಡು ಎಸ್‌ಎಸ್‌ಎಚ್ ಮಾಡಿ, ಅಂದರೆ ಬೇರೆ ಕಂಪ್ಯೂಟರಿನಿಂದ ನೆಟ್‌ವರ್ಕ್ ಮೂಲಕ, ಅದರ ಒಳಗೆ ಹೋಗಿದ್ದಾಳೆ. "ಅಪ್‌ಡೇಟ್ ಮಾಡಿದೆ ಅಣ್ಣಾ, ಏನೂ ಆಗಲಿಲ್ಲ" ಅಂದಳು ಫೋನಿನಲ್ಲಿ.

ಅವಳದ್ದೇನೂ ತಪ್ಪಿಲ್ಲ. ಫೋನಿನಲ್ಲಿ ಅಪ್‌ಡೇಟ್ ಒತ್ತಿದರೆ ಆ್ಯಪ್ ಬದಲಾಗುತ್ತದೆ, ಎಲ್ಲರಿಗೂ ಆ ಪದ ಗೊತ್ತಿರುವುದೇ ಹಾಗೆ. ಆದರೆ ಡೆಬಿಯನ್‌ನಲ್ಲಿ ಸಾಫ್ಟ್‌ವೇರ್ ಹಾಕುವ, ಹೊಸದು ಮಾಡುವ, ತೆಗೆಯುವ ಆಪ್ಟ್ ಅನ್ನುವ ಸಾಧನ ಬಂದಿದ್ದು 1999ರಲ್ಲಿ, ಡೆಬಿಯನ್ 2.1ರ ಜೊತೆಗೆ. ಆಗ ಈಗಿನಂಥ ಫೋನಿನ ಆ್ಯಪ್ ಇರಲಿಲ್ಲ. ಆಪ್ಟ್‌ನ ಲೆಕ್ಕದಲ್ಲಿ ಅಪ್‌ಡೇಟ್ ಅಂದರೆ ಸರ್ವರ್‌ನಲ್ಲಿ ಯಾವ ಪ್ಯಾಕೇಜಿನ (ಒಂದೊಂದು ಸಾಫ್ಟ್‌ವೇರಿನ ಕಟ್ಟು) ಯಾವ ವರ್ಷನ್ ಇದೆ ಅನ್ನುವ ಪಟ್ಟಿ ತಂದು ಇಟ್ಟುಕೊಳ್ಳುವುದು. ಒಂದೇ ಒಂದು ಪ್ಯಾಕೇಜನ್ನೂ ಅದು ಮುಟ್ಟುವುದಿಲ್ಲ, ಇರುವುದನ್ನು ಹೊಸದು ಮಾಡುವುದು ಅಪ್‌ಗ್ರೇಡ್. ತಿಪಟೂರಿನವರಿಗೆ ಹೇಳುವುದಾದರೆ, ಎಪಿಎಂಸಿಗೆ ಹೋಗಿ ಇವತ್ತಿನ ಕೊಬ್ಬರಿ ರೇಟು ಕೇಳಿಕೊಂಡು ಬಂದಂತೆ. ರೇಟು ಕೇಳಿದ ಮಾತ್ರಕ್ಕೆ ಮನೆಯ ಕೊಬ್ಬರಿ ಮಾರಾಟವಾಗುವುದಿಲ್ಲ ಅಲ್ವಾ?

ಶನಿವಾರ ಬೆಳಗ್ಗೆ ರೈಲು ಹತ್ತಿದೆ.

ಹೊಸ ಪ್ರಿಂಟರ್ ಯುಎಸ್‌ಬಿ ತಂತಿಯಲ್ಲೇ ಐಪಿಪಿ ಅನ್ನುವ ಸಾಮಾನ್ಯ ಪ್ರಿಂಟರ್ ಭಾಷೆ ಮಾತಾಡುವ ಜಾತಿಯದು. ಇಂಥದಕ್ಕೆ ಬೇರೆ ಡ್ರೈವರ್ ಬೇಡ, ಐಪಿಪಿ-ಯುಎಸ್‌ಬಿ ಅನ್ನುವ ಪುಟ್ಟ ಪ್ಯಾಕೇಜ್ ಇದ್ದರೆ ಸಾಕು. ಸರಿ ಅಂತ ಅಂಗಡಿಯ ಕಂಪ್ಯೂಟರಿನಿಂದ ಒಳಗೆ ಹೋಗಿ ಇನ್‌ಸ್ಟಾಲ್ ಕೊಟ್ಟೆ. ಅಂಥ ಪ್ಯಾಕೇಜೇ ಸಿಗುತ್ತಿಲ್ಲ ಅಂದಿತು. ಪ್ರಿಂಟರ್-ಡ್ರೈವರ್-ಆಲ್ ಕೇಳಿದೆ. ಅದು ಗೊತ್ತಿದೆ ಅಂದಿತು, ಇಷ್ಟು ಎಂಬಿ ಡೌನ್‌ಲೋಡ್ ಅಂತ ಲೆಕ್ಕವನ್ನೂ ಹೇಳಿತು, ಕೊನೆಗೆ ಸಾಲಾಗಿ 404, ಅಂದರೆ ಆ ಫೈಲ್ ಅಲ್ಲಿಲ್ಲ ಅನ್ನುವ ಎರರ್. ಕೊನೇದಾಗಿ ಕಪ್ಸ್ ಅನ್ನೇ ಇನ್‌ಸ್ಟಾಲ್ ಮಾಡು ಅಂದೆ. "ಈಗಾಗಲೇ ಅತಿ ಹೊಸ ವರ್ಷನ್ ಇದೆ" ಅಂತ ಉತ್ತರ.

ಮೂರು ಪ್ರಶ್ನೆಗೆ ಮೂರು ಥರದ ಉತ್ತರ. ರೋಗ ಮಾತ್ರ ಒಂದೇ. ಆಪ್ಟ್ ತನ್ನ ಪಟ್ಟಿಗಳನ್ನು ವಾರ್ ಫೋಲ್ಡರಿನೊಳಗೆ, ಲಿಬ್, ಆಪ್ಟ್, ಲಿಸ್ಟ್ಸ್ ಅಂತ ಇಳಿದರೆ ಸಿಗುವ ಜಾಗದಲ್ಲಿ ಇಡುತ್ತದೆ. ಅಲ್ಲಿನ ಫೈಲ್‌ಗಳ ತಾರೀಖು ನೋಡಿದೆ. 2021ರ ಮಾರ್ಚ್. ಅಂದರೆ ಇನ್‌ಸ್ಟಾಲ್ ಅನ್ನುವುದು ಇಂಟರ್ನೆಟ್ಟಿನಲ್ಲಿ ಹೊಸದೇನಿದೆ ಅಂತ ತಾನಾಗಿ ನೋಡುವುದೇ ಇಲ್ಲ, ತನ್ನ ಕೈಯಲ್ಲಿರುವ ಚೀಟಿಯನ್ನಷ್ಟೇ ನೋಡುತ್ತದೆ. ಆ ಚೀಟಿಯ ಪ್ರಕಾರ ಕಪ್ಸ್ ಹೊಸದೇ, ಸುಳ್ಳಲ್ಲ. ಡ್ರೈವರ್ ಕೂಡ ಚೀಟಿಯಲ್ಲಿದೆ, ಆದರೆ ಚೀಟಿ ಹಿಡಿದು ಅಂಗಡಿಗೆ ಹೋದರೆ ಆ ಅಂಗಡಿಯೇ ಖಾಲಿ ಮಾಡಿಕೊಂಡು ಹೋಗಿದೆ, ಅದಕ್ಕೇ 404. ಇನ್ನು ಐಪಿಪಿ-ಯುಎಸ್‌ಬಿ ಬಂದಿದ್ದು ಡೆಬಿಯನ್ 11ರಲ್ಲಿ, 10ರ ಯಾವ ಚೀಟಿಯಲ್ಲೂ ಅದರ ಹೆಸರಿಲ್ಲ.

404 ಬರಲು ಇಷ್ಟು ಹಳೇ ಸಿಸ್ಟಮ್ಮೇ ಆಗಬೇಕಿಲ್ಲ. ಚೆನ್ನಾಗಿರುವ ಸಿಸ್ಟಮ್ಮಿನಲ್ಲೂ ಎರಡು ವಾರ ಅಪ್‌ಡೇಟ್ ಮಾಡದೆ ನೇರ ಇನ್‌ಸ್ಟಾಲ್ ಕೊಟ್ಟರೆ ಬರುವುದುಂಟು. ಅಷ್ಟರೊಳಗೆ ಸೆಕ್ಯುರಿಟಿ ತಿದ್ದುಪಡಿ ಬಂದು ಹಳೇ ಫೈಲನ್ನು ಸರ್ವರ್‌ನಿಂದ ತೆಗೆದಿರುತ್ತಾರೆ. ಆಗ ಒಂದು ಅಪ್‌ಡೇಟ್ ಕೊಟ್ಟರೆ ಮುಗಿಯಿತು.

ನಮ್ಮಲ್ಲಿ ಅಪ್‌ಡೇಟೂ ಎರರ್ ಬಂದು ಬೀಳುತ್ತಿತ್ತು. ಈ ರೆಪಾಸಿಟರಿಗೆ (ಪ್ಯಾಕೇಜುಗಳ ಉಗ್ರಾಣ) ರಿಲೀಸ್ ಫೈಲೇ ಇಲ್ಲ ಅಂತ ಕೆಂಪು ಸಾಲು. ಅಪ್‌ಡೇಟ್ ಬಿದ್ದರೂ ಹಳೇ ಪಟ್ಟಿ ಹಾಗೇ ಉಳಿಯುತ್ತದೆ, ಅದಕ್ಕೇ ಇನ್‌ಸ್ಟಾಲ್ ಅಷ್ಟೊಂದು ಧೈರ್ಯವಾಗಿ ಮಾತಾಡುತ್ತಿದ್ದದ್ದು. ಡೆಬಿಯನ್ 10ರ ಎಲ್‌ಟಿಎಸ್ (ದೀರ್ಘಾವಧಿಯ ಬೆಂಬಲ) 2024ರ ಜೂನ್ 30ಕ್ಕೆ ಮುಗಿಯಿತು. ಈಗ ಅದು ಮಾಮೂಲಿ ಸರ್ವರ್‌ಗಳಲ್ಲಿ ಇಲ್ಲ, ಡೆಬಿಯನ್‌ನ ಆರ್ಕೈವ್ ಸರ್ವರ್‌ಗೆ ಹೋಗಿದೆ. ಸೋರ್ಸಸ್ ಲಿಸ್ಟ್ ಫೈಲಿನಲ್ಲಿ ವಿಳಾಸ ಬದಲಿಸಿ ಮತ್ತೆ ಅಪ್‌ಡೇಟ್ ಕೊಟ್ಟೆ. ಪಟ್ಟಿ ಬಂತು.

ಇಲ್ಲಿ ತಂಗಿಗೆ ತೋರಿಸೋಣ ಅಂತ ಒಂದು ಆಟ ಆಡಿದೆ. "ಟೈಮ್ ಝೋನ್ ಲೆಕ್ಕದ ಟಿಜೆಡ್‌ಡೇಟಾ ಪ್ಯಾಕೇಜ್ ಆಗಲೇ ಇದೆ, ಈಗ ಅದನ್ನೇ ಇನ್‌ಸ್ಟಾಲ್ ಮಾಡು ಅಂದರೆ ಏನಾಗುತ್ತೆ?" ಅಂದೆ. "ಇದೆ ಅನ್ನುತ್ತೆ" ಅಂದಳು. ಎಂಟರ್ ಹೊಡೆದಳು. ಒಂದು ಮಾತೂ ಕೇಳದೆ ಹೊಸ ವರ್ಷನ್ ಇಳಿಸಿ ಹಾಕಿಬಿಟ್ಟಿತು.

ಜನ ಎಡವುವ ಜಾಗ ಇದೇ. ಇನ್‌ಸ್ಟಾಲ್ ಅಂದರೆ "ಇಲ್ಲದಿದ್ದರೆ ಹಾಕು" ಅಂತಲ್ಲ. "ಪಟ್ಟಿಯಲ್ಲಿರುವ ವರ್ಷನ್ ಇಲ್ಲಿ ಇರುವಂತೆ ಮಾಡು" ಅಂತ. ಇಲ್ಲದಿದ್ದರೆ ಹಾಕುತ್ತದೆ, ಹಳೇದಿದ್ದರೆ ಹೊಸದು ಮಾಡುತ್ತದೆ, ಹೊಸದೇ ಇದ್ದರೆ ಸುಮ್ನೆ ಇರುತ್ತದೆ. ಹೌದೋ ಇಲ್ಲವೋ ಅಂತ ಅದು ಕೇಳುವುದು ನೀವು ಹೆಸರಿಸದ ಪ್ಯಾಕೇಜಿಗೆ ಕೈ ಹಾಕಬೇಕಾದಾಗ ಅಥವಾ ಏನನ್ನಾದರೂ ತೆಗೆಯಬೇಕಾದಾಗ ಮಾತ್ರ. ಹೆಸರಿಸಿದ್ದು ಒಂದೇ, ಬದಲಾಗುವುದೂ ಅದೊಂದೇ ಆದರೆ ಕೇಳುವುದಿಲ್ಲ. ಸ್ಕ್ರಿಪ್ಟ್‌ನಲ್ಲಿ "ಇದ್ದರೆ ಮಾತ್ರ ಹೊಸದು ಮಾಡು, ಇಲ್ಲದಿದ್ದರೆ ಹಾಕಬೇಡ" ಅಂತ ಬೇಕಿದ್ದರೆ ಓನ್ಲಿ-ಅಪ್‌ಗ್ರೇಡ್ ಅನ್ನುವ ಆಯ್ಕೆ ಬೇರೆ ಇದೆ.

ಇನ್‌ಸ್ಟಾಲ್‌ಗೆ ಇನ್ನೊಂದು ಗುಣವಿದೆ, ಅದು ತಡವಾಗಿ ಕಚ್ಚುತ್ತದೆ. ಬೇರೆ ಪ್ಯಾಕೇಜಿಗಾಗಿ ತಾನಾಗಿ ಬಂದ ಲೈಬ್ರರಿಯನ್ನು (ಬೇರೆ ಪ್ರೋಗ್ರಾಮ್‌ಗಳು ಬಳಸುವ ಕೋಡ್) ನೀವು ಹೆಸರು ಹಿಡಿದು ಇನ್‌ಸ್ಟಾಲ್ ಅಂದರೆ "ಇದು ಯಜಮಾನರೇ ಕೇಳಿ ಹಾಕಿಸಿದ್ದು" ಅಂತ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಬೇಡವಾದ ಪ್ಯಾಕೇಜ್ ತೆಗೆಯುವ ಆಟೋರಿಮೂವ್ ಅದನ್ನು ಮುಟ್ಟುವುದಿಲ್ಲ. ಆಪ್ಟ್-ಮಾರ್ಕ್ ಶೋಮ್ಯಾನ್ಯುಯಲ್ ಕೊಟ್ಟು ನೋಡಿದರೆ ನನ್ನ ಹಳೇ ಪಾಪಗಳೆಲ್ಲ ಅಲ್ಲಿದ್ದವು. ಯಾವುದೋ ಎರರ್ ಬಂದಾಗ ಎಲ್ಲೋ ಓದಿ ಕುರುಡಾಗಿ ಹಾಕಿದ ಹತ್ತಾರು ಲೈಬ್ರರಿಗಳು. ಕೂತು ಒಂದೊಂದನ್ನೇ ಆಟೋ ಅಂತ ಗುರುತು ಬದಲಿಸಿದೆ.

ಡೆಬಿಯನ್‌ನಲ್ಲಿ ಒಂದು ಮೆಟ್ಟಿಲು ಬಿಟ್ಟು ಇನ್ನೊಂದಕ್ಕೆ ಹಾರುವ ಹಾಗಿಲ್ಲ. 10ರಿಂದ 11, 11ರಿಂದ 12. ಅದಕ್ಕೂ ಮೊದಲು 10ನ್ನೇ ಅದರ ಕೊನೆಯ ಸ್ಥಿತಿಗೆ ತರಬೇಕು. ತಂಗಿ ನಾನು ಬರೆದುಕೊಟ್ಟ ಚೀಟಿಯಲ್ಲಿದ್ದಂತೆ ಆಪ್ಟ್-ಗೆಟ್ (ಆಪ್ಟ್‌ನ ಹಳೇ ಕಮಾಂಡ್) ಅಪ್‌ಗ್ರೇಡ್ ಕೊಟ್ಟಳು. ನೂರಕ್ಕೂ ಜಾಸ್ತಿ ಪ್ಯಾಕೇಜ್ ಬದಲಾದವು, ಸಿಸ್ಟಮ್ಮಿನ ತಿರುಳಾದ ಕರ್ನಲ್ ಮಾತ್ರ "ಹಿಂದೆ ಉಳಿಸಲಾಗಿದೆ" ಅನ್ನುವ ಸಾಲಿನಲ್ಲಿ ಉಳಿಯಿತು.

ಯಾಕೆ ಅಂತ ಅವಳು ಕೇಳಿದಳು. ಒಳ್ಳೆ ಪ್ರಶ್ನೆ. ಡೆಬಿಯನ್‌ನಲ್ಲಿ ಕರ್ನಲ್ ಪ್ಯಾಕೇಜಿನ ಹೆಸರಿನಲ್ಲೇ ವರ್ಷನ್ ಸಂಖ್ಯೆ ಇರುತ್ತದೆ. ಹಾಗಾಗಿ ಹೊಸ ಕರ್ನಲ್ ಅಂದರೆ ಹಳೇದರ ಹೊಸ ರೂಪ ಅಲ್ಲ, ಬೇರೆಯೇ ಒಂದು ಪ್ಯಾಕೇಜ್. ಆಪ್ಟ್-ಗೆಟ್ ಅಪ್‌ಗ್ರೇಡ್‌ಗೆ ಇರುವ ನಿಯಮ, ಹೊಸದಾಗಿ ಏನನ್ನೂ ಹಾಕಬಾರದು, ಇರುವುದನ್ನು ತೆಗೆಯಬಾರದು. ಪಾಪ, ಅದು ನಿಯಮ ಪಾಲಿಸಿತು. 2014ರಲ್ಲಿ ಬಂದ ಬರೀ ಆಪ್ಟ್ ಅನ್ನುವ ಕಮಾಂಡ್ ಸ್ವಲ್ಪ ಉದಾರಿ: ಅದರ ಅಪ್‌ಗ್ರೇಡ್ ಅಗತ್ಯ ಬಿದ್ದರೆ ಹೊಸ ಪ್ಯಾಕೇಜ್ ಹಾಕುತ್ತದೆ, ಆದರೆ ತೆಗೆಯುವುದಿಲ್ಲ. ತೆಗೆಯುವ ಅಧಿಕಾರ ಇರುವುದು ಫುಲ್-ಅಪ್‌ಗ್ರೇಡ್‌ಗೆ. ಒಂದೇ ಅಪ್‌ಗ್ರೇಡ್ ಅನ್ನುವ ಪದ ಎರಡು ಕಮಾಂಡಿನಲ್ಲಿ ಎರಡು ಥರ. ಇದಕ್ಕೆ ಬೈಯಬೇಕು ಅನ್ನಿಸಿದರೆ ಬೈಯಿರಿ, ನಾನೂ ಬೈದಿದ್ದೇನೆ. ಆಪ್ಟ್ ಅಪ್‌ಗ್ರೇಡ್ ಕೊಟ್ಟೆ, ಕರ್ನಲ್ ಬಂತು.

11ಕ್ಕೆ ಹೊರಟೆ. ಸೋರ್ಸಸ್ ಫೈಲಿನಲ್ಲಿ ಬಸ್ಟರ್ (10ರ ಹೆಸರು) ಇದ್ದಲ್ಲಿ ಬುಲ್ಸ್‌ಐ (11ರ ಹೆಸರು) ಅಂತ ಬದಲಿಸುವುದು, ವಿಳಾಸಗಳನ್ನು ಆರ್ಕೈವ್‌ನಿಂದ ಮತ್ತೆ ಮಾಮೂಲಿ ಸರ್ವರ್‌ಗೆ ತರುವುದು. ಒಂದು ಕಡೆ ಮಾತ್ರ ಸುಮ್ನೆ ಹೆಸರು ಬದಲಿಸಿದರೆ ಆಗದು. ಸೆಕ್ಯುರಿಟಿ ಸಾಲಿನಲ್ಲಿ 10ರ ತನಕ ಹೆಸರಿನ ಮುಂದೆ ಓರೆ ಗೀಟು ಹಾಕಿ ಅಪ್‌ಡೇಟ್ಸ್ ಅಂತಿತ್ತು, 11ರಿಂದ ಅದು ಬುಲ್ಸ್‌ಐ-ಸೆಕ್ಯುರಿಟಿ. ತಪ್ಪಿಸಿಕೊಂಡರೆ ಅಪ್‌ಡೇಟ್ ಅಲ್ಲೇ ಬೀಳುತ್ತದೆ, ಬಿದ್ದರೆ ಒಳ್ಳೆಯದೇ.

ಎಸ್‌ಎಸ್‌ಎಚ್ ಸಂಪರ್ಕ ಕಡಿದರೂ ಕೆಲಸ ನಿಲ್ಲಿಸದ ಟಿಮಕ್ಸ್ ಒಳಗೆ ಕೂತು, ಮೊದಲು ಹೊಸ ಪ್ಯಾಕೇಜ್ ಹಾಕದ ಅಪ್‌ಗ್ರೇಡ್, ಆಮೇಲೆ ಫುಲ್-ಅಪ್‌ಗ್ರೇಡ್. ಡೆಬಿಯನ್‌ನವರೇ ಹೇಳುವ ಕ್ರಮ ಇದು. ಎರಡನೇದರಲ್ಲಿ ಸಿಕ್ಕಿಕೊಂಡಿತು. ಲಿಬ್‌ಸಿ6-ಡೆವ್‌ನ ಹೊಸ ವರ್ಷನ್ ಬಂದರೆ ಹಳೇ ಲಿಬ್‌ಜಿಸಿಸಿ-8-ಡೆವ್ ಒಡೆಯುತ್ತದಂತೆ, ಅದಕ್ಕೆ ಮುಂದೆ ಹೋಗಲ್ಲ ಅಂತ ಹಟ. ಇವೆರಡೂ ಕಂಪೈಲರ್ (ಕೋಡನ್ನು ಪ್ರೋಗ್ರಾಮ್ ಮಾಡುವ ಸಾಧನ) ಜೊತೆ ಬರುವವು. ಪ್ರಿಂಟ್ ಸರ್ವರ್‌ನಲ್ಲಿ ಕಂಪೈಲರ್ ಯಾಕಿದೆ ಅಂತ ಯೋಚಿಸಿದೆ. ನಾನೇ, 2019ರಲ್ಲಿ, ಹಳೇ ಪ್ರಿಂಟರಿನ ಡ್ರೈವರನ್ನು ಇಲ್ಲೇ ಕಂಪೈಲ್ ಮಾಡಿದ್ದೆ. ಇದು ಆ ಸಮಯದಲ್ಲಿ 10ರಿಂದ 11ಕ್ಕೆ ಹೋದ ತುಂಬ ಜನಕ್ಕೆ ಕೊಟ್ಟ ಕಾಟವೇ. ಮದ್ದು ಏನು ಗೊತ್ತಾ? ಜಿಸಿಸಿ-8-ಬೇಸ್ ಅನ್ನು ಇನ್‌ಸ್ಟಾಲ್ ಮಾಡುವುದು. ಆಗಲೇ ಇರುವ ಪ್ಯಾಕೇಜ್ ಅದು. ಇನ್‌ಸ್ಟಾಲ್ ಅಂದರೆ ಅದನ್ನು ಹೊಸದು ಮಾಡು ಅಂತ ಖಡಾಖಂಡಿತ ಹೇಳಿದಂತೆ, ಆಗ ಆಪ್ಟ್ ಅದರ ಸುತ್ತ ಉಳಿದ ಗಂಟನ್ನು ತಾನೇ ಬಿಡಿಸಿಕೊಳ್ಳುತ್ತದೆ. ಫುಲ್-ಅಪ್‌ಗ್ರೇಡ್‌ಗೆ ಬಿಡಿಸಲಾಗದ್ದನ್ನು ಒಂದು ಇನ್‌ಸ್ಟಾಲ್ ಬಿಡಿಸಿತು. ಬೆಳಗ್ಗೆ ಟಿಜೆಡ್‌ಡೇಟಾದಲ್ಲಿ ಕಂಡ ಅದೇ ಗುಣ ಇಲ್ಲಿ ಉಪಕಾರಕ್ಕೆ ಬಂತು.

ಫುಲ್-ಅಪ್‌ಗ್ರೇಡ್‌ಗೆ ಹೌದು ಅನ್ನುವ ಮೊದಲು ತೆಗೆಯುವ ಪಟ್ಟಿಯನ್ನು ಎರಡು ಸಲ ಓದಿದೆ. ಸಾಂಬಾ, ಕಪ್ಸ್, ಎಸ್‌ಎಸ್‌ಎಚ್ ಅದರಲ್ಲಿಲ್ಲ. ಸರಿ, ಹೌದು ಅನ್ನಲು ವೈ ಒತ್ತಿದೆ.

ಅರ್ಧದಲ್ಲಿ ಪ್ರಶ್ನೆಗಳು ಶುರು. ಸಾಂಬಾದ ಕಾನ್ಫಿಗ್ (ಸೆಟ್ಟಿಂಗ್) ಫೈಲ್ ಬದಲಿಸಲೇ? ಬೇಡ, ನನ್ನದೇ ಇರಲಿ. ಆಮೇಲೆ ಲಾಗಿನ್‌ಡಿ ಅನ್ನುವುದರ ಕಾನ್ಫಿಗ್ ಫೈಲ್. ಅಷ್ಟರಲ್ಲಿ ಗಿರಾಕಿ ಒಬ್ಬರು ಪಹಣಿ ಪ್ರಿಂಟ್ ಬೇಕು ಅಂತ ನಿಂತಿದ್ದರು, ಚಿಕ್ಕಪ್ಪ "ಇನ್ನೂ ಎಷ್ಟೊತ್ತಪ್ಪಾ?" ಅಂತ ಮೂರನೇ ಸಲ ಕೇಳುತ್ತಿದ್ದರು. ಈ ಫೈಲಿಗೂ ನನಗೂ ಏನು ಸಂಬಂಧ ಅಂದುಕೊಂಡು ವೈ ಒತ್ತಿಬಿಟ್ಟೆ. ಇದನ್ನು ನೆನಪಿಡಿ.

ಅದಾಗಿ ಐದು ನಿಮಿಷಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಇದೆ, ಆದರೆ ಅದು ಎರಡು ನಿಮಿಷ ಕೂಗಿ ಸುಮ್ಮನಾಯಿತು. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್ ನೇರವಾಗಿ ಆಫ್. ಪ್ಯಾಕೇಜುಗಳನ್ನು ಬಿಚ್ಚಿ ಹರಡಿ, ಜೋಡಿಸುವ ಹೊತ್ತಿನಲ್ಲಿ. ನನ್ನ ಮುಖ ನೋಡಿ ತಂಗಿ ಚಹಾ ತರಲು ಹೋದಳು.

ಕರೆಂಟ್ ಬಂದ ಮೇಲೆ ಅಟ್ಟದಿಂದ ಇಳಿಸಿ, ಮುಚ್ಚಳ ತೆಗೆದು (ಪವರ್ ಬಟನ್ ಇರುವುದು ಮುಚ್ಚಳದ ಒಳಗೆ) ಆನ್ ಮಾಡಿದೆ. ಬೂಟ್ ಆಯಿತು, ಎಸ್‌ಎಸ್‌ಎಚ್‌ಗೂ ಸಿಕ್ಕಿತು. ಆಪ್ಟ್ ಮಾತ್ರ ಮುಂದೆ ಹೋಗದೆ, ಪ್ಯಾಕೇಜ್ ಬಿಚ್ಚಿ ಜೋಡಿಸುವ ಡಿಪಿಕೆಜಿ ಅರ್ಧಕ್ಕೆ ನಿಂತಿದೆ, ಕಾನ್ಫಿಗರ್ ಕಮಾಂಡ್ ಕೊಡು ಅಂತ ತಾನೇ ಹೇಳಿತು. ಅದು ಹೇಳಿದ್ದನ್ನೇ ಅಕ್ಷರಶಃ ಟೈಪ್ ಮಾಡಿದೆ. ಬಿಚ್ಚಿದ್ದನ್ನೆಲ್ಲ ಜೋಡಿಸಿಕೊಂಡಿತು. ಆಮೇಲೆ ಆಪ್ಟ್‌ಗೆ ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್, ಮತ್ತೆ ಫುಲ್-ಅಪ್‌ಗ್ರೇಡ್. ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಮುಂದುವರಿಯಿತು. ಇಷ್ಟು ವರ್ಷದಲ್ಲಿ ಡಿಪಿಕೆಜಿಗೆ ನಾನು ಮನಸ್ಸಲ್ಲೇ ಕೈ ಮುಗಿದದ್ದು ಅವತ್ತೇ.

ರಾತ್ರಿ ಎಂಟಕ್ಕೆ ಡೆಬಿಯನ್ 11, ಕರ್ನಲ್ 5.10. ಐಪಿಪಿ-ಯುಎಸ್‌ಬಿ ಇನ್‌ಸ್ಟಾಲ್ ಕೊಟ್ಟೆ. ಬೆಳಗ್ಗೆ ಹೆಸರೇ ಕೇಳಿಲ್ಲ ಅಂದಿದ್ದ ಅದೇ ಕಮಾಂಡ್ ಮೂರು ಸೆಕೆಂಡಿನಲ್ಲಿ ಮುಗಿಸಿತು. ಹಳೇ ಪ್ರಿಂಟರಿನ ಕ್ಯೂ ಅಳಿಸಿ ಹೊಸದು ಸೇರಿಸಿದೆ, ಟೆಸ್ಟ್ ಪೇಜ್ ಬಂತು. ಪಹಣಿಯವರು ಅಷ್ಟು ಹೊತ್ತಿಗೆ ಬೇರೆ ಅಂಗಡಿಗೆ ಹೋಗಿ ಆಗಿತ್ತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ 11ಕ್ಕೂ ವಯಸ್ಸಾಗಿದೆ, ಮತ್ತೆ ಬರುವುದು ಯಾವಾಗಲೋ ಅಂತ ಭಾನುವಾರ 12ಕ್ಕೂ ಹೋದೆ. ಅದು ಸಲೀಸು, ಒಂದೂವರೆ ಗಂಟೆಯ ಕೆಲಸ. ಗಮನಿಸಬೇಕಾದ್ದು ಒಂದೇ. 12ರಲ್ಲಿ ಫರ್ಮ್‌ವೇರ್ (ಹಾರ್ಡ್‌ವೇರ್ ಒಳಗೆ ಓಡುವ ಸಾಫ್ಟ್‌ವೇರ್) ಪ್ಯಾಕೇಜುಗಳನ್ನು ನಾನ್-ಫ್ರೀ ಅನ್ನುವ ವಿಭಾಗದಿಂದ ಬೇರೆ ಮಾಡಿ ನಾನ್-ಫ್ರೀ-ಫರ್ಮ್‌ವೇರ್ ಅನ್ನುವ ಹೊಸ ವಿಭಾಗಕ್ಕೆ ಹಾಕಿದ್ದಾರೆ. ಸೋರ್ಸಸ್ ಫೈಲಿನಲ್ಲಿ ಅದನ್ನು ಸೇರಿಸದಿದ್ದರೆ ಅಪ್‌ಗ್ರೇಡ್ ಎಲ್ಲ ಚೆನ್ನಾಗಿ ಮುಗಿದಂತೆ ಕಾಣುತ್ತದೆ, ಆದರೆ ನೆಟ್‌ವರ್ಕ್ ಕಾರ್ಡಿನ ಫರ್ಮ್‌ವೇರ್ ಮಾತ್ರ ಹಳೇದೇ ಉಳಿದಿರುತ್ತದೆ. ಪಟ್ಟಿಯಲ್ಲೇ ಇಲ್ಲದ್ದನ್ನು ಅಪ್‌ಗ್ರೇಡ್ ಹುಡುಕುವುದಿಲ್ಲ. ಪ್ಯಾಕೇಜ್ ಎಲ್ಲಿಂದ ಬರುತ್ತದೆ ಅಂತ ತೋರಿಸುವ ಆಪ್ಟ್ ಪಾಲಿಸಿ ಕೊಟ್ಟು ನೋಡಿದಾಗ ಆ ಪ್ಯಾಕೇಜಿನ ಕೆಳಗೆ ಸರ್ವರಿನ ವಿಳಾಸವೇ ಇರಲಿಲ್ಲ, ಬರೀ ಡಿಪಿಕೆಜಿ ಸ್ಟೇಟಸ್ ಅಂತ ಒಂದು ಸಾಲು. ಆಗ ಗೊತ್ತಾಯಿತು. ವಿಭಾಗ ಸೇರಿಸಿ, ಅಪ್‌ಡೇಟ್, ಅಪ್‌ಗ್ರೇಡ್, ಬಂತು.

13ಕ್ಕೆ ಹೋಗುವ ಮಾತಿಲ್ಲ. 2019ರಲ್ಲಿ ಯಾವ ಬುದ್ಧಿಯಿಂದಲೋ ಇದರಲ್ಲಿ 32 ಬಿಟ್ ಡೆಬಿಯನ್ ಹಾಕಿದ್ದೆ. 13ರಿಂದ 32 ಬಿಟ್‌ಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ.

ಮುಚ್ಚಳ ಹಾಕಿ, ಅಟ್ಟದ ಮೇಲಿಟ್ಟು, ಸಂಜೆ ಬೆಂಗಳೂರಿನ ರೈಲು ಹಿಡಿದೆ. ತುಮಕೂರು ಬರುವ ಮೊದಲೇ ಚಿಕ್ಕಪ್ಪನ ಫೋನ್.

"ಏನಪ್ಪಾ, ನೀನು ರಿಪೇರಿ ಮಾಡೋವರೆಗೂ ಓಡ್ತಿತ್ತಲ್ಲ?"

ಪ್ರಿಂಟ್ ಇಲ್ಲ, ಫೋಲ್ಡರ್ ಇಲ್ಲ, ಎಸ್‌ಎಸ್‌ಎಚ್‌ಗೂ ಸಿಗುತ್ತಿಲ್ಲ. ತಂಗಿ ಅಟ್ಟ ಹತ್ತಿ ಮುಚ್ಚಳ ಎತ್ತಿದ ಕೂಡಲೇ ಎಲ್ಲ ಬಂತಂತೆ. ಮುಚ್ಚಿದರೆ ಹೋಗುತ್ತದಂತೆ. ಅಷ್ಟು ಕೇಳಿದ್ದೇ ತಡ, ಶನಿವಾರ ಒತ್ತಿದ ಆ ವೈ ನೆನಪಾಯಿತು. ಮುಚ್ಚಳ ಹಾಕಿದರೆ ಮಲಗಬೇಡ ಅನ್ನುವ ಸಾಲನ್ನು 2019ರಲ್ಲಿ ನಾನೇ ಲಾಗಿನ್‌ಡಿಯ ಕಾನ್ಫಿಗ್‌ನಲ್ಲಿ ಬರೆದಿದ್ದೆ. ಅಪ್‌ಗ್ರೇಡ್ ಅದರ ಮೇಲೆ ಹೊಸ ಫೈಲ್ ಇಟ್ಟಿದೆ. ನಾನೇ ಇಡು ಅಂದಿದ್ದೇನೆ. ಎರಡು ದಿನ ಮುಚ್ಚಳ ತೆರೆದೇ ಕೆಲಸ ಮಾಡಿದ್ದರಿಂದ ಗೊತ್ತಾಗಲೇ ಇಲ್ಲ.

ಡಿಪಿಕೆಜಿ ಈ ಪ್ರಶ್ನೆಯನ್ನು ಸುಮ್ನೆ ಕೇಳುವುದಿಲ್ಲ. ಪ್ಯಾಕೇಜಿನ ಫೈಲೂ ಬದಲಾಗಿರಬೇಕು, ನೀವೂ ಅದಕ್ಕೆ ಕೈ ಹಾಕಿರಬೇಕು, ಎರಡೂ ಆಗಿದ್ದರೆ ಮಾತ್ರ ಕೇಳುತ್ತದೆ. ಅಂದರೆ ಪ್ರಶ್ನೆ ಬಂತು ಅನ್ನುವುದೇ "ಇಲ್ಲಿ ನೀನು ಎಂದೋ ಏನೋ ಬರೆದಿದ್ದೀಯ" ಅನ್ನುವ ಸೂಚನೆ. ಭಾನುವಾರ 12ಕ್ಕೆ ಹೋಗುವಾಗ ಆ ಪ್ರಶ್ನೆ ಬರಲೇ ಇಲ್ಲ. ಬರುವುದಾದರೂ ಹೇಗೆ, ನನ್ನ ಬರಹವೇ ಅಲ್ಲಿ ಉಳಿದಿರಲಿಲ್ಲವಲ್ಲ.

ಪುಣ್ಯಕ್ಕೆ ವೈ ಒತ್ತಿದರೂ ಹಳೇ ಫೈಲನ್ನು ಎಸೆಯುವುದಿಲ್ಲ, ಹೆಸರಿನ ಕೊನೆಗೆ ಡಿಪಿಕೆಜಿ-ಓಲ್ಡ್ ಅಂತ ಸೇರಿಸಿ ಪಕ್ಕದಲ್ಲೇ ಇಟ್ಟಿರುತ್ತದೆ. ಬೇಡ ಅಂದಿದ್ದರೆ ಹೊಸದನ್ನು ಡಿಪಿಕೆಜಿ-ಡಿಸ್ಟ್ ಅಂತ ಇಡುತ್ತಿತ್ತು. ಫೋನಿನಲ್ಲೇ ತಂಗಿಗೆ ಹೇಳಿದೆ. ಅವಳು ಹಳೇ ಫೈಲ್ ತೆರೆದು ಆ ಸಾಲು ಓದಿದಳು. ಅದನ್ನು ಮತ್ತೆ ಅಲ್ಲೇ ಬರೆಸಲಿಲ್ಲ, ಮುಂದಿನ ಸಲವೂ ಇದೇ ಕಥೆಯಾಗುತ್ತದೆ. ಲಾಗಿನ್‌ಡಿಗೆ ಅಂತಲೇ ಒಂದು ಬೇರೆ ಫೋಲ್ಡರ್ ಮಾಡಿಸಿ, ಅದರಲ್ಲಿ ಎರಡೇ ಸಾಲಿನ ನಮ್ಮದೇ ಪುಟ್ಟ ಫೈಲ್ ಇಡಿಸಿದೆ. ಅದು ಪ್ಯಾಕೇಜಿನ ಫೈಲಲ್ಲ, ಹಾಗಾಗಿ ಯಾವ ಅಪ್‌ಗ್ರೇಡೂ ಅದರ ತಂಟೆಗೆ ಬರುವುದಿಲ್ಲ. ರೀಬೂಟ್ ಮಾಡಿ ಮುಚ್ಚಳ ಹಾಕಿದಳು. ಓಡುತ್ತಿದೆ ಅಂದಳು.

ಮೊನ್ನೆ ಅವಳೇ ಮೆಸೇಜ್ ಮಾಡಿದ್ದಳು. ಕಪ್ಸ್ ಒಂದನ್ನೇ ಹೊಸದು ಮಾಡೋಣ ಅಂತ ಆಪ್ಟ್ ಅಪ್‌ಗ್ರೇಡ್ ಬರೆದು ಮುಂದೆ ಕಪ್ಸ್ ಅಂತ ಹೆಸರು ಕೊಟ್ಟರೆ ಮೂವತ್ತು ಪ್ಯಾಕೇಜಿನ ಪಟ್ಟಿ ತೋರಿಸುತ್ತಿದೆ, ಯಾಕೆ ಅಂತ. ಅಪ್‌ಗ್ರೇಡ್‌ಗೆ ಹೆಸರು ಕೊಟ್ಟರೆ ಅದನ್ನು ಇನ್‌ಸ್ಟಾಲ್ ಅಂತ ಲೆಕ್ಕ ಹಾಕಿ, ಜೊತೆಗೆ ಉಳಿದದ್ದನ್ನೆಲ್ಲ ಅಪ್‌ಗ್ರೇಡ್ ಮಾಡುತ್ತದೆ, ಒಂದೇ ಬೇಕಾದರೆ ಇನ್‌ಸ್ಟಾಲ್ ಅನ್ನಬೇಕು ಅಂತ ಬರೆದೆ. "ಇದಕ್ಕೆ ಹೆಸರಿಟ್ಟವರು ಯಾರಣ್ಣಾ" ಅಂತ ಉತ್ತರ ಬಂತು. ವೈ ಒತ್ತಿದೆಯಾ ಅಂತ ಕೇಳಿದೆ. ಇಲ್ಲವಂತೆ, ತೆಗೆಯುವ ಪಟ್ಟಿ ಖಾಲಿ ಇದೆ ಅಂತ ನೋಡಿ ಆಮೇಲೆ ಒತ್ತುತ್ತೇನೆ, ಅಂಗಡಿ ಬಾಗಿಲು ಹಾಕಲಿ ಅಂದಳು.